ಹಪ್ಪಳದಷ್ಟು ತೆಳ್ಳಗಿನ ಲ್ಯಾಪ್‌ಟಾಪು

ಬಸವೇಶ್ವರನಗರ
4 ಫೆಬ್ರವರಿ 2025, ಮಂಗಳವಾರ

ಚಿ. ಸೌ. ಅರುಣಾಳಿಗೆ,

ನಿನ್ನ ಹಳೆಯ ಮನೆಯಿಂದ ಸತ್ಯವತಿಯ ಆಶೀರ್ವಾದ. ಹೆಸರಿನ ಹಿಂದೆ 'ಸೌ.' ಹಾಕಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಕ್ರಮವಾಗಿ ನೋಡಿದರೆ ನೀನು ಸೌಭಾಗ್ಯವತಿಯಾಗುವುದಕ್ಕೆ ಇನ್ನೂ ಹದಿನಾರನೆಯ ತಾರೀಕು ಬರಬೇಕು. ಮುಂಗಡವಾಗಿಯೇ ಹಾಕಿದ್ದೇನೆ, ಇರಲಿ. ಬದುಕಿಡೀ ಮಕ್ಕಳ ಕಾಗುಣಿತ ತಿದ್ದಿದ ಕನ್ನಡ ಮೇಡಂ ಒಂದು ತಪ್ಪನ್ನು ಬೇಕೆಂದೇ ಮಾಡಿದರೆ ಯಾರೂ ಮಾರ್ಕ್ಸು ಕಳೆಯುವುದಿಲ್ಲ.

ಶನಿವಾರ ನೀನು ಫೋನು ಮಾಡಿದಾಗ, ಕುಕ್ಕರು ಕೂಗಿತು ಎಂದು ಹೇಳಿ ಇಟ್ಟುಬಿಟ್ಟೆನಲ್ಲ, ಒಲೆಯ ಮೇಲೆ ಕುಕ್ಕರೇ ಇರಲಿಲ್ಲ. ನೀನು ಎರಡು ಪ್ರಶ್ನೆ ಕೇಳಿದ್ದೆ. ಮೊದಲನೆಯದನ್ನು ನಗುತ್ತಾ ಕೇಳಿದೆ: "ಅತ್ತೀ, ಆ ಲ್ಯಾಪ್‌ಟಾಪ್ ಇನ್ನಾ ಜೀವಂತ ಐತೇನ್ರಿ?" ಎರಡನೆಯದನ್ನು ನಗು ನಿಲ್ಲಿಸಿ ಕೇಳಿದೆ: "ಮದುವಿಗೆ ನೀವು ಬರಬೇಕ್ರಿ. ನಮ್ಮವ್ವ ಇಲ್ಲ. ನನ್ನ ಬಾಜೂಕ ಯಾರು ನಿಲ್ಲೋರು ಹೇಳ್ರಿ?"

ಮೊದಲನೆಯದಕ್ಕೆ ಉತ್ತರ ಸುಲಭ. ಈ ಕಾಗದವನ್ನು ಅದರಲ್ಲೇ ಟೈಪು ಮಾಡುತ್ತಿದ್ದೇನೆ, ಇನ್ನೇನು ಸಾಕ್ಷಿ ಬೇಕು? ಎರಡನೆಯದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನ್ನಿಂದ ಆಗುತ್ತಿಲ್ಲ. ಮಾಜಿ ಅತ್ತೆಯಾದವಳು ಮಾಜಿ ಸೊಸೆಯ ಮದುವೆಗೆ ಯಾವ ಮುಖ ಇಟ್ಟುಕೊಂಡು, ಯಾವ ಬಾಂಧವ್ಯ ಹೇಳಿಕೊಂಡು ಹೋಗಬೇಕು ಎಂದು ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಹಾಗಾಗಿ ಮೊದಲನೆಯ ಪ್ರಶ್ನೆಯ ದಾರಿ ಹಿಡಿದೇ ಎರಡನೆಯದಕ್ಕೆ ಬರುತ್ತೇನೆ. ಕಾದಂಬರಿಯ ಕೊನೆಯ ಪುಟವನ್ನು ಮೊದಲೇ ತಿರುವಿ ನೋಡುವ ಚಾಳಿ ನಿನಗಿದೆ. ಈ ಸಲ ಹಾಗೆ ಮಾಡಬೇಡ. ಇ-ಮೇಲ್ ಕಳಿಸಬಹುದಿತ್ತು, ಆದರೆ ಮದುವೆಯ ಮಾತಿಗೆ ಅಂಚೆಯ ಕಾಗದವೇ ಚೆಂದ. ಬರೆದು ಮುಗಿಸಿ ಪ್ರಿಂಟು ತೆಗೆದು ಡಬ್ಬಕ್ಕೆ ಹಾಕುತ್ತೇನೆ.

ನೀನು ಈ ಮನೆ ಬಿಟ್ಟ ದಿನ ಮಗ ಸಿದ್ಧಾರ್ಥ ಬೆಳಿಗ್ಗೆಯೇ ಪೀಣ್ಯಕ್ಕೆ ಕೆಲಸಕ್ಕೆ ಹೋಗಿದ್ದ. ನಿಮ್ಮಿಬ್ಬರ ನಡುವೆ ಒಂದು ದಿನವೂ ಪಾತ್ರೆ ಸದ್ದು ಮಾಡಲಿಲ್ಲ. ಮಾತು ಕಡಿಮೆಯಾಗುತ್ತಾ ಆಗುತ್ತಾ ಒಂದು ದಿನ ನಿಂತೇ ಹೋಯಿತು. ಯಾರದು ಸರಿ ಎಂದು ನಾನು ಆಗಲೂ ತೂಗಲಿಲ್ಲ, ಈಗಲೂ ತೂಗುವುದಿಲ್ಲ. ನೀನು ಎರಡು ಸೂಟ್‌ಕೇಸು ಬಾಗಿಲಲ್ಲಿಟ್ಟು, ಊಟದ ಮೇಜಿನ ಮೇಲೆ ನಿನ್ನ ಲ್ಯಾಪ್‌ಟಾಪು ಇಟ್ಟೆ. ಚಾರ್ಜರಿನ ವೈರನ್ನು ಅಚ್ಚುಕಟ್ಟಾಗಿ ಸುತ್ತಿದ್ದೆ. ನಾನು ಬೇಡವೆಂದೆ. ಅದಕ್ಕೆ ನೀನು ಹೇಳಿದ್ದು, "ನನಗ ಆಫೀಸಿಂದ ಬ್ಯಾರೆ ಐತ್ರಿ ಅತ್ತಿ. ಇದು ಹಗರ ಐತಿ, ನಿಮ್ಮ ಭುಜಕ್ಕ ಭಾರ ಆಗಂಗಿಲ್ಲ." ತನ್ನ ಸಂಸಾರ ಗಂಟುಕಟ್ಟಿ ಹೊರಡುತ್ತಿರುವ ಹುಡುಗಿಗೆ ನನ್ನ ಭುಜ ನೆನಪಿತ್ತು! ಆವತ್ತು ನಾನು ಕಾಫಿ ಕುಡಿದು ಹೋಗು ಅಂದೆ, ಅಷ್ಟೆ. ಹೇಳಬೇಕಾಗಿದ್ದ ಮಾತು ಇದು: ಅರುಣಾ, ನಾನು ನಿನಗೆ ಕೃತಜ್ಞಳಾಗಿದ್ದೇನೆ. ಮೂರು ವರ್ಷದಿಂದ ದಿನವೂ ಆಗಿದ್ದೇನೆ.

ನಿನ್ನ ಮಾವ ಏಕಾಂತಯ್ಯನವರ ಸ್ವಭಾವ ಗೊತ್ತಲ್ಲ. ಕಾರ್ಖಾನೆಯ ಸ್ಟೋರ್ಸು ನೋಡಿಕೊಂಡು ರಿಟೈರಾದ ಮನುಷ್ಯ, ಸಾಮಾನು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಕೈಯಲ್ಲಿ ಎತ್ತಿ ಹೇಳುವವರು. ಭಾರವಿದ್ದರೆ ಬಾಳಿಕೆ, ಹಗುರವಿದ್ದರೆ ಮೋಸ. ಸಂಜೆ ವಾಕಿಂಗಿನಿಂದ ಬಂದವರು ಮೇಜಿನ ಮೇಲಿದ್ದ ನಿನ್ನ ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಎತ್ತಿ ಹಿಂದೆ ಮುಂದೆ ನೋಡಿದರು. "ಏನೇ ಇದು, ಹಪ್ಪಳ ಇದ್ದ ಹಾಗಿದೆ? ಯುಗಾದಿವರೆಗೂ ಬರಲ್ಲ ಬಿಡು" ಅಂದರು. ಅವರ ಮಾತಿನಲ್ಲಿ ಸ್ವಲ್ಪ ಕೋಪವೂ ಇತ್ತು. ಸೊಸೆ ಹೋದ ಮನೆಯಲ್ಲಿ ಸೊಸೆಯ ಸಾಮಾನು ಉಳಿದದ್ದು ಅವರಿಗೆ ನೋಡಲಾಗುತ್ತಿರಲಿಲ್ಲ. ನಾನು ಅದನ್ನು ಅವರ ಕೈಯಿಂದ ಕಿತ್ತುಕೊಂಡು, ಎರಡೂ ಕೈಯಲ್ಲಿ ಹಿಡಿಯಿರಿ, ತಟ್ಟೆಯಲ್ಲ ಅದು ಎಂದು ಗದರಿದೆ.

ಆಗ ನಾನು ರಿಟೈರಾಗಿ ಕೆಲವೇ ತಿಂಗಳಾಗಿತ್ತು. ಭುಜ ಕಟ್ಟಿಕೊಂಡು ಕೈ ತಲೆಯವರೆಗೂ ಏಳುತ್ತಿರಲಿಲ್ಲ, ಜಡೆ ಹೆಣೆದುಕೊಡಲು ನೀನು ಬೇಕಾಗುತ್ತಿತ್ತು. ಸಿದ್ಧಾರ್ಥನ ಹಳೇ ಲ್ಯಾಪ್‌ಟಾಪು ಇತ್ತು, ಆದರೆ ಅದನ್ನು ಎತ್ತುವುದೂ ರುಬ್ಬುವ ಗುಂಡು ಎತ್ತುವುದೂ ಒಂದೇ. ಚಂದ್ರಾ ಲೇಔಟಿನ ನರ್ಸಿಂಗ್ ಹೋಮಿನವರು ಬೇರೆ ರಾಜ್ಯಗಳಿಂದ ಬಂದ ನರ್ಸುಗಳಿಗೆ ಕನ್ನಡ ಕಲಿಸಲು ಯಾರಾದರೂ ಬೇಕು ಎಂದು ಕೇಳಿದಾಗ, ನಾನು ಒಪ್ಪಿಕೊಂಡದ್ದು ನಿನ್ನ ಈ ಹಪ್ಪಳದ ಧೈರ್ಯದಿಂದ. ಬಟ್ಟೆಯ ಚೀಲಕ್ಕೆ ಹಾಕಿ ಒಳ್ಳೆಯ ಭುಜಕ್ಕೆ ನೇತುಹಾಕಿಕೊಂಡರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಒಂದೆರಡು ಸಲ ನಿಜವಾಗಿಯೂ ಮನೆಯಲ್ಲೇ ಬಿಟ್ಟು ಬಂದೆನೇನೋ ಎಂದು ವಿಜಯನಗರದ ಸ್ಟಾಪಿನಲ್ಲಿ ನಿಂತು ಚೀಲ ತಡಕಿದ್ದೇನೆ.

ಹೋದ ಮೊದಲ ದಿನವೇ ಅದರ ಪರೀಕ್ಷೆ ಆಯಿತು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮುಂದೆ ಒಬ್ಬಳ ಬೆನ್ನು, ಹಿಂದೆ ಒಬ್ಬಳ ಟಿಫನ್ ಕ್ಯಾರಿಯರು, ನಡುವೆ ನಾನು, ನನ್ನ ಪಕ್ಕೆಗೆ ಒತ್ತಿಕೊಂಡು ಇದು. ಇಳಿಯುವ ಹೊತ್ತಿಗೆ ನನ್ನ ಸೆರಗೇ ಎಲ್ಲೋ ಹೋಗಿತ್ತು. ಇದರ ಗತಿ ಮುಗಿಯಿತು ಅಂದುಕೊಂಡೇ ತೆಗೆದೆ. ಪರದೆ ಬೆಳಗಿತು. ದಿನವೂ ಬೆಳಗುವಾಗ ಅದರ ಮೇಲೆ ಏನು ಬರುತ್ತದೆ ಹೇಳು? 'Aruna' ಎಂದು ನಿನ್ನ ಹೆಸರು. ಬದಲಾಯಿಸಿಕೊಳ್ಳಿ ಮೇಡಂ, ಸುಲಭ ಎಂದು ನರ್ಸು ಹುಡುಗಿಯರು ಹೇಳುತ್ತಲೇ ಇರುತ್ತಾರೆ. ನಾಳೆ ನೋಡೋಣ ಅನ್ನುತ್ತೇನೆ.

ತೆಳ್ಳಗಿನದಕ್ಕೆ ತೊಂದರೆಯೇ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಮೂಲೆ ನಜ್ಜಿದೆ. ಮೆಟ್ರೋದಲ್ಲಿ ಚೀಲ ತಪಾಸಣೆಯ ಬೆಲ್ಟಿನಿಂದ ಎತ್ತಿಕೊಳ್ಳುವಾಗ ಜಾರಿ ಬಿದ್ದದ್ದು, ತಪ್ಪು ನನ್ನದೇ. ಹೋದ ವರ್ಷ ಹಿಂಜು ಸಡಿಲವಾಗಿ ಪರದೆ ಹಿಂದಕ್ಕೆ ಮಲಗಿಬಿಡುತ್ತಿತ್ತು. ಸ್ವಲ್ಪ ದಿನ ಅದಕ್ಕೆ ಉಪ್ಪಿನಕಾಯಿ ಜಾಡಿ ಒರಗಿಸಿ ಸಂಜೆಯ ಆನ್‌ಲೈನ್ ಪಾಠ ನಡೆಸಿದೆ. ಅದಾದ ಮೇಲೆ ಬೇಸಿಗೆಯಲ್ಲಿ ಹೊಟ್ಟೆಯ ಕಡೆ ಪೂರಿಯಂತೆ ಉಬ್ಬಿಕೊಂಡು, ಮೇಜಿನ ಮೇಲಿಟ್ಟರೆ ತೊಟ್ಟಿಲಿನ ಹಾಗೆ ತೂಗಾಡತೊಡಗಿತು. ವಿಜಯನಗರದಲ್ಲಿ ರಿಪೇರಿ ಅಂಗಡಿಯ ಅಂಜಿನಯ್ಯ ನೋಡಿದವನೇ, "ಆಂಟಿ, ಇದನ್ನ ಇನ್ನು ಆನ್ ಮಾಡ್ಬೇಡಿ, ಬ್ಯಾಟರಿ ಊದ್ಕೊಂಡಿದೆ" ಎಂದು ಅಲ್ಲೇ ಇಡಿಸಿಕೊಂಡ. ಹೊಸ ಬ್ಯಾಟರಿ ಹಾಕಿ, ಹಿಂಜನ್ನೂ ಬಿಗಿ ಮಾಡಿ ಕೊಟ್ಟ. ಹೊಸದನ್ನೇ ತೆಗೆದುಕೊಂಡುಬಿಡು ಎಂದು ಏಕಾಂತಯ್ಯನವರು ಆಗಲೇ ಶುರು ಮಾಡಿದ್ದರು. ನಿಮ್ಮ ಮೊಣಕಾಲನ್ನೂ ಹಾಗೆಯೇ ಮಾಡೋಣವೇ ಎಂದು ಕೇಳಿದ ಮೇಲೆ ಸುಮ್ಮನಾದರು.

ಆದರೆ ಅದರ ನಿಜವಾದ ಗಂಡಾಂತರ ಬಂದದ್ದು ನಮ್ಮ ದೇವರ ಮನೆಯಿಂದ, ಕಳೆದ ಆಯುಧಪೂಜೆಯ ದಿನ.

ಪ್ರತಿ ವರ್ಷದಂತೆ ಸ್ಕೂಟರು, ಹೊಲಿಗೆ ಮಷೀನು, ಈಳಿಗೆಮಣೆ, ಏಕಾಂತಯ್ಯನವರ ಸ್ಪ್ಯಾನರುಗಳು ಎಲ್ಲ ಸಾಲಾಗಿ ಕೂತವು. ನನ್ನ ಆಯುಧ ಇದು, ಇದೂ ಕೂತಿತು. ಈ ಮೂರು ವರ್ಷದಲ್ಲಿ ಅದರ ಬಗ್ಗೆ ನಿನ್ನ ಮಾವನಿಗೆ ಒಂದು ಬಗೆಯ ಗೌರವ ಬಂದುಬಿಟ್ಟಿತ್ತು. ಯುಗಾದಿವರೆಗೂ ಬರಲ್ಲ ಅಂದದ್ದು ಮೂರು ಯುಗಾದಿ ಕಂಡಿತ್ತಲ್ಲ! ಬೇರೆಯವಕ್ಕೆಲ್ಲ ಒಂದೊಂದು ಹೂವು ಇಟ್ಟವರು, ಇದಕ್ಕೆ ಮಾತ್ರ ಮುಚ್ಚಳದ ಮೇಲೆ ಮೂರು ಪಟ್ಟೆ ವಿಭೂತಿ ಎಳೆದು, ಕುಂಕುಮವಿಟ್ಟು, ಒಳಗೂ ಆಗಲಿ ಎಂದು ಮುಚ್ಚಳ ತೆರೆದು ಕೀಲಿಗಳ ಮೇಲೆ ಕೈತುಂಬ ಅಕ್ಷತೆ ಹಾಕಿದರು. ಮಂಗಳಾರತಿ ಆಯಿತು. ಆಮೇಲೆ ಕಾಳುಗಳನ್ನು ಅಂಗೈಯಲ್ಲಿ ಗುಡಿಸಿ, ಹಳೇ ಕಬ್ಬಿಣದ ಟ್ರಂಕು ಮುಚ್ಚುವ ಹಾಗೆ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಮುಚ್ಚಿದರು. 'ಟಿಕ್' ಎಂದಿತು. ನೋಡು, ಎಷ್ಟು ಚೆನ್ನಾಗಿ ಕೂತುಕೊಳ್ಳುತ್ತೆ ಅಂದರು.

ವಿಜಯದಶಮಿಯ ದಿನ ತೆರೆದರೆ ಪರದೆಯ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿರುಕು, ಅದರ ಸುತ್ತ ಮಸಿ ಚೆಲ್ಲಿದ ಹಾಗೆ ಕಪ್ಪು. ಒಂದೇ ಒಂದು ಅಕ್ಕಿ ಕಾಳು ಕೀಲಿಗಳ ಸಂದಿಯಲ್ಲಿ ನಿಂತಿತ್ತು. ಅರಿಶಿನದ ಬಣ್ಣಕ್ಕೆ ಚೆನ್ನಾಗಿ ಕಾಣುತ್ತಿತ್ತು. ಬಸ್ಸು, ಬಿಸಿಲು, ಮೆಟ್ರೋ ಬೆಲ್ಟು ಎಲ್ಲವನ್ನೂ ತಡೆದುಕೊಂಡದ್ದು ನಮ್ಮ ಭಕ್ತಿಯನ್ನು ತಡೆದುಕೊಳ್ಳಲಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಏಕಾಂತಯ್ಯನವರು ಹೋಗಿ ಬಾಲ್ಕನಿಯಲ್ಲಿ ಕೂತರು, ಹಬ್ಬದ ಹೋಳಿಗೆಯನ್ನೂ ಮುಟ್ಟಲಿಲ್ಲ. ಆಮೇಲೆ ಮೆಲ್ಲಗೆ ಬಂದು, "ಆ ಹುಡುಗಿ ಕೊಟ್ಟಿದ್ದು ಕಣೇ. ನನ್ನ ಕೈಲೇ ಹಾಳಾಗ್ಬೇಕಿತ್ತಾ?" ಅಂದರು. ಆಗಲೇ ನನಗೂ ಅಳು ಬಂದದ್ದು. ನಮಗಿಬ್ಬರಿಗೂ ನೀನು ಅಷ್ಟು ಬೇಕಾದವಳು ಎಂದು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ರಿಪೇರಿಗೆ ಒಯ್ದವನು ಸಿದ್ಧಾರ್ಥ. ನಾನು ಕೇಳಲಿಲ್ಲ. ಕೇಳುವುದಾದರೂ ಹೇಗೆ? ಅವನೇ ಚೀಲಕ್ಕೆ ಹಾಕಿಕೊಂಡು ಹೋದ. ಇಂಥ ತೆಳ್ಳಗಿನವುಗಳಲ್ಲಿ ಪರದೆಗೂ ಕೀಬೋರ್ಡಿಗೂ ನಡುವೆ ಜಾಗವೇ ಇರುವುದಿಲ್ಲ, ಒಂದು ಕಾಳು, ಒಂದು ಕಿವಿಯೋಲೆ, ಏನು ಸಿಕ್ಕಿದರೂ ಮುಗಿಯಿತು, ಹಬ್ಬ ಕಳೆದ ವಾರ ಇದೇ ತರಹ ಇನ್ನೊಂದೆರಡು ಬಂದಿದ್ದವು ಎಂದು ಅಂಜಿನಯ್ಯ ಅವನಿಗೆ ಹೇಳಿದನಂತೆ. ಹೊಸ ಪರದೆ ಹಾಕಿಸಿಕೊಂಡು ಬಂದ. ಎಲ್ಲ ಸರಿಯಾಗಿದೆಯಾ, ತೆರೆದು ನೋಡಿದೆಯಾ ಎಂದೆ. ನೋಡಿದೆ ಅಂದ. ಪಾಸ್‌ವರ್ಡು ನಾನು ಹೇಳಲೇ ಇಲ್ಲವಲ್ಲ ಎಂದು ಆಮೇಲೆ ಹೊಳೆಯಿತು. ನಿನ್ನ ಅವ್ವನ ಹೆಸರು, ಶಂಕ್ರವ್ವ ಎಂದು ನೀನು ಹಾಕಿದ್ದು ಹಾಗೇ ಇದೆ. ಹೇಗೆ ತೆರೆದೆಯೋ ಎಂದು ಕೇಳಿದರೆ, "ಗೊತ್ತಿತ್ತು" ಎಂದು ಹೇಳಿ ಒಳಗೆ ಹೋದ. ಈ ಮಾತನ್ನು ನಿನಗೆ ಬರೆಯಬೇಕೋ ಬೇಡವೋ ತಿಳಿಯದು. ಬರೆದಾಗಿದೆ. ನೀನು ಮದುವೆಯಾಗುವ ಚನ್ನವೀರೇಶ್ ಒಳ್ಳೆಯ ಹುಡುಗ ಎಂದು ಶನಿವಾರ ನಿನ್ನ ದನಿಯಲ್ಲೇ ಗೊತ್ತಾಗುತ್ತಿತ್ತು. ಅದಕ್ಕೆ ನನಗೆ ನಿಜವಾಗಿಯೂ ಸಂತೋಷವಿದೆ. ಆದರೆ ನಾನು ಸಿದ್ಧಾರ್ಥನ ತಾಯಿ.

ಈಗ ಅರ್ಥವಾಯಿತಲ್ಲ, ಕುಕ್ಕರು ಯಾಕೆ ಕೂಗಿತು ಎಂದು.

ಶನಿವಾರ ರಾತ್ರಿಯಿಂದ ನೆಪಗಳನ್ನು ಹೊಸೆಯುತ್ತಾ ಕೂತೆ. ಭುಜ ನೋವು ಎನ್ನೋಣವೇ? ನಿನಗೆ ಗೊತ್ತು, ಈಗ ಅದು ವಾಸಿ. ಮಾವನಿಗೆ ಶುಗರು ಏರಿದೆ ಎನ್ನೋಣವೇ? ಅವರು ಫೋನು ಕಸಿದುಕೊಂಡು ತಾವೇ ಬರುತ್ತೇನೆ ಅನ್ನುವ ಆಸಾಮಿ. ನಿಜವಾದ ಕಾರಣ ಒಂದೇ. ಪಕ್ಕದ ಕೋಣೆಯಲ್ಲಿ ಮಗ ಒಬ್ಬನೇ ಕೂತಿರುವಾಗ, ನಾನು ರೇಷ್ಮೆ ಸೀರೆ ಉಟ್ಟು ಅವನ ಎದುರಿನಿಂದ ಹಾದು ನಿನ್ನ ಮದುವೆಗೆ ಹೊರಡುವುದು ಹೇಗೆ? ಹೊರಟರೂ ಅಲ್ಲಿ ನಾನು ಯಾರು? ಗಂಡಿನ ಕಡೆಯವರು, ಇವರು ಏನಾಗಬೇಕು ಎಂದು ಕೇಳುತ್ತಾರೆ. ಕೇಳದೆ ಬಿಡುವ ಮದುವೆಮನೆ ಈ ಲೋಕದಲ್ಲಿಲ್ಲ. ಹುಡುಗಿಯ ಹಳೇ ಗಂಡನ ತಾಯಿ ಎಂದು ನೀನು ಹೇಳುತ್ತೀಯಾ? ಹೇಳುವಷ್ಟು ಗಟ್ಟಿಗಿತ್ತಿ ನೀನು, ಅದೇ ನನ್ನ ಭಯ. ನನ್ನಿಂದಾಗಿ ಆ ದಿನ ನಿನ್ನ ಬೆನ್ನ ಹಿಂದೆ ಒಬ್ಬರೂ ಪಿಸುಗುಟ್ಟಬಾರದು. ಬರುವುದಿಲ್ಲ ಎಂದು ಬರೆಯಲೆಂದೇ ನಿನ್ನೆ ಬೆಳಿಗ್ಗೆ ಮನಸ್ಸು ಮಾಡಿದ್ದೆ.

ನಿನ್ನೆ ಚಂದ್ರಾ ಲೇಔಟಿನಲ್ಲಿ ಪಾಠವಿತ್ತು. ಸಂಬಂಧವಾಚಕ ಪದಗಳು. ರೋಗಿಯ ಜೊತೆ ಬಂದವರು ಏನಾಗಬೇಕು ಎಂದು ನರ್ಸುಗಳು ಕೇಳಿ ತಿಳಿದುಕೊಳ್ಳಬೇಕಲ್ಲ, ಅದಕ್ಕೆ. ನಿನ್ನ ಲ್ಯಾಪ್‌ಟಾಪಿನಲ್ಲಿ ನಾನೇ ಮಾಡಿದ ಪಟ ಪರದೆಯ ಮೇಲಿತ್ತು. ನಡುವೆ ಒಬ್ಬ ಹುಡುಗಿ, ಸುತ್ತ ಅವಳ ಬಳಗ. ಗಂಡನ ತಾಯಿಯಿಂದ ಒಂದು ಗೆರೆ, 'ಅತ್ತೆ'. ತಂದೆಯ ತಂಗಿಯಿಂದ ಇನ್ನೊಂದು ಗೆರೆ, ಅದೂ 'ಅತ್ತೆ'. ಒಡಿಶಾದ ಸುನೀತಾ ಎಂಬ ನರ್ಸು ಕೈ ಎತ್ತಿದಳು. ಎಲ್ಲವನ್ನೂ ಅನುಮಾನಿಸುವ ಹುಡುಗಿ, ಅವಳನ್ನು ಕಂಡರೆ ನನಗೆ ಇಷ್ಟ. "ಮೇಡಂ, ಎರಡು ಬೇರೆ ಬೇರೆ ಜನ, ಒಂದೇ ಪದ. ಅತ್ತೆ ಬಂದರು ಅಂತ ಹೇಳಿದರೆ ನಾನು ಯಾವ ಅತ್ತೆ ಅಂತ ಬರೀಬೇಕು?" ಅಂದಳು. ಎಷ್ಟೋ ವರ್ಷ ಈ ಪದವನ್ನು ಕಲಿಸಿದ್ದೇನೆ. ಸೊಸೆಯಾಗಿ ಕರೆದಿದ್ದೇನೆ, ಅತ್ತೆಯಾಗಿ ಕರೆಸಿಕೊಂಡಿದ್ದೇನೆ. ನಿನ್ನೆಯವರೆಗೂ ಅದನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಯಾವ ಅತ್ತೆ ಅಂತ ಬರೀಬೇಕು? ನೀನೇ ಯೋಚಿಸಿ ನೋಡು ಅರುಣಾ. ಕೋರ್ಟು ಹೊಡೆದುಹಾಕಿದ್ದು ಆ ಪಟದಲ್ಲಿನ ಒಂದು ಗೆರೆಯನ್ನು. ಇನ್ನೊಂದು ಗೆರೆಯ ವಿಷಯ ಯಾವ ಜಡ್ಜೂ ಎತ್ತಲಿಲ್ಲ. ಮನೆ ಬಿಟ್ಟ ಮೇಲೂ, ಈ ಶನಿವಾರದವರೆಗೂ, ನೀನು ನನ್ನನ್ನು ಅತ್ತಿ ಎಂದೇ ಕರೆದಿದ್ದೀಯ, ಆಂಟಿ ಅನ್ನಲಿಲ್ಲ, ಮೇಡಂ ಅನ್ನಲಿಲ್ಲ. ಬಾಯಿ ರೂಢಿ ಎಂದುಕೊಂಡಿದ್ದೆ. ಇನ್ನು ಮೇಲೆ ಹಾಗಂದುಕೊಳ್ಳುವುದಿಲ್ಲ. ಹೆಣ್ಣಿನ ತಂದೆಯ ತಂಗಿ ಅವಳ ಮದುವೆಯಲ್ಲಿ ಪಕ್ಕದಲ್ಲಿ ನಿಲ್ಲದೆ ಮತ್ತೆ ಯಾರು ನಿಲ್ಲಬೇಕು? ಸೋದರತ್ತೆ ಇಲ್ಲದ ಮದುವೆ ಉಂಟೇ? ಅಣ್ಣನ ಮಗಳನ್ನೂ ನಮ್ಮ ಕಡೆ ಸೊಸೆ ಎಂದೇ ಕರೆಯುತ್ತಾರೆ. ಕರೆಯುವುದಕ್ಕೆ ನಾವು ಹೊಸ ಪದ ಹುಡುಕುವ ಕಷ್ಟವೂ ಇಲ್ಲ. ಏಕಾಂತಯ್ಯನವರಂತೂ ಆರಾಮಾಗಿದ್ದಾರೆ, ಅತ್ತೆಯ ಗಂಡ ಎರಡೂ ಲೆಕ್ಕದಲ್ಲಿ ಮಾವನೇ!

ಇದರಲ್ಲಿ ತೊಡಕಾಗುವುದು ಒಬ್ಬರಿಗೆ, ನಿಮ್ಮಪ್ಪ ದುಂಡಪ್ಪನವರಿಗೆ. ಜಮಖಂಡಿಯಿಂದ ಬೀಗರಾಗಿ ಬಂದಾಗ, ಹೋಳಿಗೆಗೆ ತುಪ್ಪ ಸಾಲದೆಂದು ನನ್ನನ್ನು ಎಷ್ಟು ಗೋಳುಹೊಯ್ದುಕೊಂಡಿದ್ದರು! ಬೀಗರು ಎಂದರೆ ಗೋಳುಹೊಯ್ದುಕೊಳ್ಳಬೇಕು, ಅದು ಸರಿ. ಈಗ ಇದ್ದಕ್ಕಿದ್ದಂತೆ ನನಗೆ ಅಣ್ಣನಾಗಬೇಕು. ಒಪ್ಪುತ್ತಾರೋ ಇಲ್ಲವೋ ಎಂದು ನಿನ್ನೆ ಮಧ್ಯಾಹ್ನ ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ ನಿಂತುಕೊಂಡೇ ಅವರಿಗೆ ಫೋನು ಮಾಡಿದೆ. ಮಾತು ಜೋಡಿಸಿಕೊಳ್ಳಲು ಹೆಣಗುತ್ತಾ ವಿಷಯ ಹೇಳಿದೆ. ಅವರು, "ಏ ತಂಗೀ, ಇಷ್ಟ್ ಕೇಳಾಕ ಫೋನ್ ಮಾಡ್ಬೇಕೇನವ್ವಾ? ಸೀದಾ ಬಾರವಾ" ಅಂದರು. ನನಗೆ ಅಣ್ಣಂದಿರಿಲ್ಲ ಎಂ‌ದು ನಿನಗೆ ಗೊತ್ತು. ಅರವತ್ತು ದಾಟಿದ ಮೇಲೆ ಒಬ್ಬರು ಸಿಕ್ಕಿದರು.

ಬರುತ್ತೇನೆ ಅರುಣಾ. ಹದಿನಾರನೆಯ ತಾರೀಕು ಭಾನುವಾರ ಬೆಳಿಗ್ಗೆ ಕೆಂಗೇರಿಯ ಛತ್ರಕ್ಕೆ ಬಂದು ನಿನ್ನ ಎಡಕ್ಕೋ ಬಲಕ್ಕೋ, ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತೇನೆ. ಯಾರು ಏನಾಗಬೇಕು ಎಂದರೆ ಅತ್ತೆ ಎಂದು ಎದೆಯುಬ್ಬಿಸಿ ಹೇಳು, ಒಂದಕ್ಷರವೂ ಸುಳ್ಳಲ್ಲ. ನಿಮ್ಮಲ್ಲಿ ಉಡಿ ಎನ್ನುತ್ತೀರಿ, ನಮ್ಮಲ್ಲಿ ಮಡಿಲು ಎನ್ನುತ್ತೇವೆ, ಅದನ್ನು ನಾನೇ ತುಂಬುತ್ತೇನೆ. ಮಾವಿನ ಬಣ್ಣದ ಸೀರೆ ನಿನಗೆಂದು ತೆಗೆದಿಟ್ಟಿದ್ದೇನೆ. ಬೇಡ ಅಂದರೆ ಸೋದರತ್ತೆಗೆ ಜಗಳವಾಡುವ ಹಕ್ಕೂ ಇದೆ ಎಂದು ನೆನಪಿರಲಿ.

ಬರುವುದಕ್ಕೆ ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ, ಮುಖಾಮುಖಿ ಹೇಳಲು ನಾಚಿಕೆ. ಆ ಕೆಲಸವಿಲ್ಲದ ದಿನಗಳಲ್ಲಿ ನಾನು ಕಿಟಕಿ ಬಳಿ ಕೂತು ಹೋಗಿಬರುವವರನ್ನು ಎಣಿಸುವ ಮುದುಕಿಯಾಗುವುದರಲ್ಲಿದ್ದೆ. ಈಗ ಊರೂರಿನ ಹುಡುಗಿಯರು ನನ್ನಿಂದ ಕಲಿತ ಕನ್ನಡದಲ್ಲಿ ಯಾರದೋ ಅಜ್ಜಿಗೆ, ಅಜ್ಜಿ ನೋವು ಎಲ್ಲಿದೆ ಎಂದು ಕೇಳುತ್ತಾರೆ. ಅದಕ್ಕೆ ಕಾರಣ ನೀನು. ನೀನು ನನಗೆ ಕೊಟ್ಟದ್ದು ದೊಡ್ಡದು ಕಣೇ. ಅದನ್ನು ಹೊರಲು ನನಗೆ ಒಂದು ದಿನವೂ ಭಾರವಾಗಲಿಲ್ಲ.

ಸಿದ್ಧಾರ್ಥನಿಗೆ ಇನ್ನೂ ಹೇಳಿಲ್ಲ. ನಮ್ಮ ಈ ಹೊಸ ವ್ಯಾಕರಣದಲ್ಲಿ ಅವನನ್ನು ಎಲ್ಲಿ ಕೂರಿಸಬೇಕು ಎಂದು ನನಗೆ ತಿಳಿಯಲಿಲ್ಲ. ಈ ವಾರದಲ್ಲಿ ಯಾವುದಾದರೂ ಒಳ್ಳೆಯ ಗಳಿಗೆ ನೋಡಿ, ಅವನು ಊಟ ಮಾಡಿ ನೆಮ್ಮದಿಯಾಗಿ ಕೂತಿರುವಾಗ ಮೆತ್ತಗೆ ತಿಳಿಸುತ್ತೇನೆ. ಅವನು ಬೇಸರ ಮಾಡಿಕೊಂಡರೂ ನಾನು ಬರುತ್ತೇನೆ, ಆ ಬೇಸರವನ್ನು ಮನೆಗೆ ಬಂದು ನೋಡಿಕೊಳ್ಳುತ್ತೇನೆ. ನೀನು ಅದರ ಬಗ್ಗೆ ಚಿಂತೆ ಮಾಡಬೇಡ. ಮದುವೆ ಹೆಣ್ಣು ಕಣ್ಣ ಕೆಳಗೆ ಕಪ್ಪು ಮಾಡಿಕೊಳ್ಳಬಾರದು. ಚನ್ನವೀರೇಶನಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ಅತ್ತೆ,
ಸತ್ಯವತಿ

ವಿ. ಸೂ.: ಇಷ್ಟನ್ನು ಮಾತ್ರ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಪ್ರಿಂಟು ಎಂದು ಒತ್ತಿದ ಮೇಲೆ ನೆನಪಾಯಿತು, ಪ್ರಿಂಟರು ಇರುವುದು ಸಿದ್ಧಾರ್ಥನ ಕೋಣೆಯಲ್ಲಿ, ಮತ್ತು ಇವತ್ತು ಅವನಿಗೆ ರಜೆ. ನಾನು ಎದ್ದು ಹೋಗುವಷ್ಟರಲ್ಲಿ ಹಾಳೆಗಳನ್ನೆಲ್ಲ ಸಾಲಾಗಿ ಜೋಡಿಸಿ, ಮೂಲೆಗೆ ಪಿನ್ನು ಹೊಡೆದು ಕೈಯಲ್ಲಿ ಹಿಡಿದು ನಿಂತಿದ್ದ. ಎಷ್ಟು ಓದಿದನೋ ಗೊತ್ತಿಲ್ಲ, ನಾನು ಕೇಳಲಿಲ್ಲ. ಕಾಗದ ನನ್ನ ಕೈಗೆ ಕೊಟ್ಟು, "ಅಷ್ಟು ದೂರ ರೇಷ್ಮೆ ಸೀರೆ ಉಟ್ಕೊಂಡು ಬಸ್ಸಲ್ಲಿ ಹೋಗ್ಬೇಡಮ್ಮಾ, ನಾನು ಬಿಡ್ತೀನಿ. ಒಳಗೆ ಬರಲ್ಲ. ಮುಗಿಯೋವರೆಗೂ ರೋಡಲ್ಲಿ ಕಾರಲ್ಲೇ ಕೂತಿರ್ತೀನಿ" ಅಂದ. ಆಮೇಲೆ, "ಅವಳಿಗೆ ಹೇಳ್ಬೇಡ" ಅಂದ. ಹೇಳಿದ್ದೇನೆ. ಬೆಳಿಗ್ಗೆ ಬೇಗ ಹೊರಡುವುದರಿಂದ ಅವನು ಏನೂ ಕುಡಿದಿರುವುದಿಲ್ಲ. ಯಾರ ಕೈಯಲ್ಲಾದರೂ ಒಂದು ಲೋಟ ಕಾಫಿ ಹೊರಗೆ ಕಳಿಸು. ಸಕ್ಕರೆ ಎಷ್ಟೆಂದು ನಿನಗೆ ಗೊತ್ತು.